ಹಾಪ್‌ಫೀಲ್ಡ್ ಜಾಲ

ಅರೆಬರೆ ಸುಳಿವು ಕೊಟ್ಟರೆ ಪೂರ್ತಿ ನೆನಪನ್ನು ಹೊರತೆಗೆಯುವ ಕೃತಕ ನರಜಾಲ ಇದು. ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ 1982ರಲ್ಲಿ ಮಂಡಿಸಿದರು. ಬೇರು ಇರುವುದು ಕಾಂತಗಳ ಅಧ್ಯಯನದಲ್ಲಿ. ಕಾಂತದ ಸರಳ ಗಣಿತ ಚಿತ್ರವಾದ ಐಸಿಂಗ್ ಮಾದರಿಯ ಪ್ರಕಾರ ಕಾಂತದೊಳಗಿನ ಪ್ರತಿ ಸ್ಪಿನ್‌ಗೂ (ಪರಮಾಣು ಮಟ್ಟದ ಪುಟ್ಟ ಕಾಂತಕ್ಕೂ) ಎರಡೇ ಸ್ಥಿತಿ, +1 ಅಥವಾ −1. ನೆರೆಯ ಸ್ಪಿನ್‌ಗಳ ಸೆಳೆತಕ್ಕೆ ಸಿಕ್ಕು ಇಡೀ ವ್ಯವಸ್ಥೆ ಕಡಿಮೆ ಶಕ್ತಿಯ ಕಡೆಗೆ ಇಳಿಯುತ್ತದೆ. ಸ್ಪಿನ್ ಜಾಗದಲ್ಲಿ ನ್ಯೂರಾನ್, ಸೆಳೆತದ ಜಾಗದಲ್ಲಿ ತೂಕ (ಎರಡು ನ್ಯೂರಾನ್‌ಗಳ ನಡುವಿನ ಕೊಂಡಿಯ ಬಲ) ಇಟ್ಟರೆ ಶಕ್ತಿಯ ಒಂದೊಂದು ತಗ್ಗೂ ಒಂದೊಂದು ನೆನಪಾಗುತ್ತದೆ.

ನಾಲ್ಕು ನ್ಯೂರಾನ್‌ಗಳಲ್ಲಿ +1, +1, −1, −1 ಎಂಬ ನಮೂನೆಯನ್ನು ಉಳಿಸಬೇಕು ಅಂದುಕೊಳ್ಳಿ. ಪ್ರತಿ ಜೋಡಿಯ ಬೆಲೆಗಳನ್ನು ಗುಣಿಸಿ: ಒಂದೇ ಚಿಹ್ನೆ ಇದ್ದರೆ ತೂಕ +1, ಬೇರೆಯಾದರೆ −1. ಒಟ್ಟು ಆರು ಜೋಡಿ. ತೂಕ ಮತ್ತು ಎರಡು ಸ್ಥಿತಿಗಳ ಗುಣಲಬ್ಧವನ್ನು ಎಲ್ಲ ಜೋಡಿಗಳಿಗೂ ಕೂಡಿ ಚಿಹ್ನೆ ಬದಲಿಸಿದರೆ ಶಕ್ತಿ −6. ಈಗ ಮೊದಲ ನ್ಯೂರಾನನ್ನು ಕೆಡಿಸಿ −1 ಮಾಡಿ: ಶಕ್ತಿ 0ಗೆ ಏರುತ್ತದೆ. ಆ ನ್ಯೂರಾನ್‌ಗೆ ಉಳಿದ ಮೂರರಿಂದ ಬರುವ ಒಟ್ಟು ಒತ್ತಡ +3, ಹಾಗಾಗಿ ಅದು ಮತ್ತೆ +1ಕ್ಕೆ ತಿರುಗುತ್ತದೆ. ನೆನಪು ವಾಪಸ್.

ಹೀಗೆ ಇಳಿಯಲೇಬೇಕಾದರೆ ತೂಕ ಎರಡೂ ದಿಕ್ಕಿಗೆ ಸಮನಾಗಿರಬೇಕು, ನ್ಯೂರಾನ್‌ಗಳನ್ನು ಒಂದೊಂದಾಗಿ ಬದಲಿಸಬೇಕು. ಹೊಸಬರು ಎಡವುವುದು ಇಲ್ಲೇ. +1 ತೂಕದ ಎರಡು ನ್ಯೂರಾನ್‌ಗಳು +1, −1 ಆಗಿದ್ದಾಗ ಎರಡನ್ನೂ ಒಟ್ಟಿಗೆ ಬದಲಿಸಿದರೆ −1, +1 ಆಗುತ್ತವೆ, ಮರುಹೆಜ್ಜೆಗೆ ಮತ್ತೆ ಹಳೆಯದಕ್ಕೆ. ಎಷ್ಟು ಹೊತ್ತು ಓಡಿಸಿದರೂ ಜಾಲ ಎಲ್ಲೂ ನಿಲ್ಲುವುದಿಲ್ಲ.

ಇನ್ನೊಂದು ತೊಡಕು, ಸುಳ್ಳು ನೆನಪು. ಉಳಿಸಿದ ನಮೂನೆಯ ಚಿಹ್ನೆಗಳೆಲ್ಲ ತಲೆಕೆಳಗಾದರೂ ಶಕ್ತಿ ಅಷ್ಟೇ, ಆದ್ದರಿಂದ ಅದೂ ಒಂದು ತಗ್ಗು. ಮೂರು ನಮೂನೆಗಳು ಬೆರೆತು ಕಲಬೆರಕೆ ತಗ್ಗುಗಳೂ ಹುಟ್ಟುತ್ತವೆ. ಯಾದೃಚ್ಛಿಕ ನಮೂನೆಗಳಾದರೆ ದೊಡ್ಡ ಜಾಲ ಉಳಿಸಿಕೊಳ್ಳಬಲ್ಲ ನಮೂನೆಗಳ ಮಿತಿ ನ್ಯೂರಾನ್ ಸಂಖ್ಯೆಯ ಸುಮಾರು 0.138 ಪಟ್ಟು: 1,000 ನ್ಯೂರಾನ್‌ಗೆ 138ರ ಆಸುಪಾಸು. ಅದನ್ನು ದಾಟಿದರೆ ಹೊಸದೊಂದೇ ಅಲ್ಲ, ಹಳೆಯ ನೆನಪುಗಳೂ ಒಟ್ಟಿಗೇ ಕುಸಿಯುತ್ತವೆ. ಈ ಅಂಕಿಯನ್ನು ಭೌತವಿಜ್ಞಾನಿಗಳಾದ ಅಮಿತ್, ಗುಟ್‌ಫ್ರೆಂಡ್, ಸೊಂಪೊಲಿನ್‌ಸ್ಕಿ 1985ರ ಹೊತ್ತಿಗೆ ಲೆಕ್ಕಹಾಕಿದ್ದು ಸ್ಪಿನ್ ಗ್ಲಾಸ್ ಎಂಬ ಅಸ್ತವ್ಯಸ್ತ ಕಾಂತಗಳ ಗಣಿತದಿಂದ. 2024ರ ಭೌತವಿಜ್ಞಾನದ ನೊಬೆಲ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್‌ಗೆ ಬಂದಾಗ ‘ಇದರಲ್ಲಿ ಭೌತವಿಜ್ಞಾನ ಎಲ್ಲಿದೆ’ ಎಂದು ಕೇಳಿದವರಿಗೆ ಈ ಲೆಕ್ಕವೊಂದೇ ಸಾಕು.

ಹಿಂಟನ್ ಮತ್ತು ಸಂಗಡಿಗರ ಬೋಲ್ಟ್ಸ್‌ಮನ್ ಯಂತ್ರದಲ್ಲಿ ಇದೇ ಶಕ್ತಿಸೂತ್ರಕ್ಕೆ ತಾಪಮಾನ ಸೇರಿತು: ನ್ಯೂರಾನ್ ಆಗಾಗ ಶಕ್ತಿ ಏರುವ ಕಡೆಗೂ ತಿರುಗಬಹುದು, ಹಾಗಾಗಿ ಸಣ್ಣ ತಗ್ಗಿನಿಂದ ಹೊರಬರಲು ದಾರಿ ಇದೆ. ಆದರೆ ಪ್ರತಿ ತಿದ್ದುಪಡಿಗೂ ಜಾಲ ಉಷ್ಣ ಸಮತೋಲಕ್ಕೆ (ಏರಿಳಿತಗಳ ಸರಾಸರಿ ಸ್ಥಿರವಾಗುವ ಹಂತಕ್ಕೆ) ಬರುವವರೆಗೆ ಕಾಯಬೇಕಾದ್ದರಿಂದ ಕಲಿಕೆ ವಿಪರೀತ ನಿಧಾನ. ನ್ಯೂರಾನ್‌ಗಳನ್ನು ಎರಡು ಪದರಗಳಾಗಿ ವಿಂಗಡಿಸಿ ಒಂದೇ ಪದರದೊಳಗಿನ ಕೊಂಡಿಗಳನ್ನು ತೆಗೆದುಹಾಕಿದ ಮೇಲಷ್ಟೇ ಅದು ಕೆಲಸಕ್ಕೆ ಬಂತು.