ಬೆಳಗಾಗುವಷ್ಟರಲ್ಲಿ ಕೆನ್ನೆ ಮೇಲೆ ಸುಟ್ಟ ಗೆರೆ: ಜೇಡ ಉಚ್ಚೆ ಹೊಯ್ದಿದ್ದಾ?

ಪ್ರಶ್ನೆ: ರಾತ್ರಿ ಮಲಗುವಾಗ ಏನೂ ಇರಲಿಲ್ಲ. ಬೆಳಗ್ಗೆ ಎದ್ದರೆ ಕೆನ್ನೆ ಮೇಲೆ ಉದ್ದಕ್ಕೆ ಕೆಂಪು ಗೆರೆ, ವಿಪರೀತ ಉರಿ, ಸಣ್ಣ ಗುಳ್ಳೆ. ಮನೆಯಲ್ಲಿ ಜೇಡ ಉಚ್ಚೆ ಹೊಯ್ದಿದೆ ಅಂತಾರೆ. ಏನು ಹಚ್ಚಬೇಕು?

ಉತ್ತರ: ಮಳೆ ಹಿಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹಾಸನದ ನನ್ನ ಕ್ಲಿನಿಕ್ಕಿಗೆ ಆರಿದ್ರಾ ಮಳೆಯಿಂದ ದಸರಾ ತನಕ ಇದೇ ಗೆರೆ ಹೊತ್ತವರು ಬರುತ್ತಿರುತ್ತಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಊರು ಯಾವುದಾದರೂ ಮಾತು ಒಂದೇ: "ಡಾಕ್ಟ್ರೇ, ಜೇಡ ಉಚ್ಚೆ ಹೊಯ್ದಿದೆ." ಕೆಲವರ ಮನೆಯಲ್ಲಿ ಜೇಡದ ಬದಲು ಹಲ್ಲಿ. ಅಲ್ಲ, ಅಲ್ಲ ಅಂತ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಇವತ್ತು ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಮನೆಯ ಹಿರಿಯರಿಗೂ ಓದಿ ಹೇಳಿ.

ಜೇಡ ನಮ್ಮ ಹಾಗೆ ನೀರು ನೀರಾಗಿ ಉಚ್ಚೆ ಹೊಯ್ಯುವ ಪ್ರಾಣಿಯೇ ಅಲ್ಲ. ಅದು ಹೊರಗೆ ಹಾಕುವುದು ಸುಣ್ಣದ ಚುಕ್ಕೆಯಂಥ ಬಿಳಿ ಹನಿ. ಬಿದ್ದಲ್ಲೇ ಒಣಗುತ್ತದೆ. ಅದರಲ್ಲಿ ಚರ್ಮ ಸುಡುವಂಥದ್ದು ಏನೂ ಇಲ್ಲ. ಹಲ್ಲಿಯೂ ಅಷ್ಟೇ. ಅದರ ಕರಿ ಹಿಕ್ಕೆಯ ತುದಿಗೆ ಅಕ್ಕಿ ನುಚ್ಚಿನಷ್ಟು ಬಿಳಿ ಅಂಟಿರುತ್ತದಲ್ಲ, ಅದೇ ಅದರ ಉಚ್ಚೆ. ಕಿಟಕಿ ಮೇಲೆ ಬಿದ್ದಿದ್ದನ್ನು ನಾವೇ ಬರಿಗೈಯಲ್ಲಿ ಎಷ್ಟು ಸಲ ಒರೆಸಿಲ್ಲ? ಯಾರ ಕೈ ಸುಟ್ಟಿದೆ?

ಇನ್ನೊಂದು ಯೋಚನೆ ಮಾಡಿ. ಜೇಡ, ಹಲ್ಲಿ ಹನ್ನೆರಡು ತಿಂಗಳೂ ಮನೆಯಲ್ಲೇ ಇರುತ್ತವೆ. ಹಾಗಾದರೆ ಶಿವರಾತ್ರಿ ಹೊತ್ತಿಗೆ ಈ ಗೆರೆ ಇಷ್ಟು ಜನಕ್ಕೆ ಯಾಕೆ ಬರುವುದಿಲ್ಲ? ಮಳೆಗಾಲದಲ್ಲೇ ಯಾಕೆ? ಟ್ಯೂಬ್‌ಲೈಟ್ ಕೆಳಗೆ ಕೂತು ಓದುವವರಿಗೆ, ದೀಪ ಹಾಕಿಕೊಂಡೇ ಮಲಗುವವರಿಗೆ ಜಾಸ್ತಿ ಯಾಕೆ? ಮೇಲಿಂದ ಬಿದ್ದ ಹನಿಯಾದರೆ ಗುರುತು ಚುಕ್ಕೆಯಾಗಿರಬೇಕು. ಕೆನ್ನೆಯಿಂದ ಕುತ್ತಿಗೆ ತನಕ ಬಳಿದಂತೆ ಗೆರೆ ಹೇಗೆ ಬಂತು?

ಬಳಿದದ್ದು ನಿಮ್ಮದೇ ಕೈ.

ನನ್ನ ಮೇಜಿನ ಮೇಲೆ ಇಂಜೆಕ್ಷನ್ನಿನ ಪುಟ್ಟ ಖಾಲಿ ಬಾಟಲಿ ಒಂದಿದೆ. ಅದರೊಳಗೆ ಸತ್ತ ಹುಳ. ಬಂದವರಿಗೆಲ್ಲ ತೋರಿಸುತ್ತೇನೆ. ಒಂದು ಸೆಂಟಿಮೀಟರಿಗಿಂತ ಉದ್ದ ಇಲ್ಲ, ದೂರದಿಂದ ಇರುವೆ ಅನ್ನಬೇಕು. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ ಹೊಳೆಯುವ ಚಿಕ್ಕ ರೆಕ್ಕೆಕವಚ, ಆಮೇಲೆ ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಪೇಡರಸ್ ಅಂತ ಇದರ ಹೆಸರು. ಹಾಸ್ಟೆಲ್ ಹುಡುಗರು ಆಸಿಡ್ ಹುಳ ಅಂತಾರೆ. ಇದು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ದೀಪಕ್ಕೆ ಬಂದು ಮೈಮೇಲೆ ಕೂರುತ್ತದೆ. ನಾವು ಕಚಗುಳಿ ಆಯಿತು ಅಂತ ನಿದ್ದೆಗಣ್ಣಲ್ಲಿ ಉಜ್ಜಿ ಹೊಸಕಿಬಿಡುತ್ತೇವೆ. ಆಗ ಅದರ ಮೈರಸ ಚರ್ಮಕ್ಕೆ ಹತ್ತುತ್ತದೆ. ಆ ರಸದಲ್ಲಿ ಪೆಡೆರಿನ್ ಅನ್ನುವ ವಿಷ ಇದೆ. ಅದನ್ನು ತಯಾರಿಸುವುದು ಹುಳವೂ ಅಲ್ಲ, ಹೆಣ್ಣು ಹುಳದ ಮೈಯೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ.

ಇದು ಆಸಿಡ್ ಅಲ್ಲ. ಆಸಿಡ್ ಆಗಿದ್ದರೆ ಬಿದ್ದ ಕೂಡಲೇ ಉರಿಯಬೇಕಿತ್ತು. ಪೆಡೆರಿನ್ ಚರ್ಮದ ಜೀವಕೋಶಗಳು ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹಾಗಾಗಿ ಗುರುತು ಏಳಲು 12ರಿಂದ 36 ಗಂಟೆ ಬೇಕು. ಜೇಡದ ಕಥೆ ಇಷ್ಟು ಗಟ್ಟಿಯಾಗಿ ಉಳಿದಿರುವುದೂ ಇದರಿಂದಲೇ. ಹುಳ ಹೊಸಕಿದ್ದು ಇವತ್ತು ಸಂಜೆ, ಕೆಂಪಾಗುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ಹುಳದ ನೆನಪೂ ಇರುವುದಿಲ್ಲ. ಎದ್ದು ಗೋಡೆ ನೋಡಿದರೆ ಕಾಣುವುದು ಜೇಡ. ತಪ್ಪು ಅದರ ತಲೆಗೆ.

ಒಮ್ಮೆ ಸಕಲೇಶಪುರದ ಕಡೆಯ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜಿ ಜೊತೆ ಬಂದಿದ್ದಳು. ಕೆನ್ನೆ ಮೇಲೆ ಗೆರೆ, ಅದರ ಮೇಲೆ ದಪ್ಪಗೆ ಸುಣ್ಣ. ಅಜ್ಜಿ ಜೇಡವೇ ಅಂತ ಹಟ ಹಿಡಿದಿದ್ದರು. "ಮಗೂ, ತೋಳು ತೋರಿಸು" ಅಂದೆ. ಮೊಣಕೈ ಮಡಿಕೆಯಲ್ಲಿ ಎರಡು ಕೆಂಪು ಕಲೆ. ಕೈ ಮಡಚಿಸಿದೆ. ಮಡಚಿದ ಪುಸ್ತಕದ ಎರಡು ಹಾಳೆಯ ಹಾಗೆ ಒಂದರ ಮೇಲೊಂದು ಸರಿಯಾಗಿ ಕೂತವು. ಒಂದು ಕಡೆ ಹತ್ತಿದ ರಸ ಮಡಚಿದಾಗ ಇನ್ನೊಂದು ಕಡೆಗೂ ಅಂಟಿತ್ತು. ಅಜ್ಜಿ ಅದನ್ನು ಎರಡು ಸಲ ಮಡಚಿಸಿ ನೋಡಿದರು. ಆಮೇಲೆ ಬಾಟಲಿ ಕೈಗೆ ತೆಗೆದುಕೊಂಡು, "ಇದು ನಮ್ಮ ಗದ್ದೆ ಹುಳ ಅಲ್ವಾ" ಅಂದರು. ನನಗೆ ಆ ದಿನ ತುಂಬಾ ಖುಷಿಯಾಗಿತ್ತು.

ಈಗ ನಿಮ್ಮ ಪ್ರಶ್ನೆ, ಏನು ಹಚ್ಚಬೇಕು? ಮೊದಲು ಏನು ಹಚ್ಚಬಾರದು ಅಂತ ಕೇಳಿ. ಸುಣ್ಣ, ಟೂತ್‌ಪೇಸ್ಟ್, ಅರೆದ ಬೆಳ್ಳುಳ್ಳಿ, ನಿಂಬೆರಸ ಯಾವುದೂ ಬೇಡ. ಸುಟ್ಟ ಜಾಗವನ್ನು ಇನ್ನಷ್ಟು ಸುಡುತ್ತವೆ. ಹುಳದಿಂದಾದ ಗಾಯ ಒಂದೆರಡು ವಾರದಲ್ಲಿ ಆರುತ್ತಿತ್ತು, ಸುಣ್ಣದ ಗಾಯ ಕಲೆಯಾಗಿ ಉಳಿಯಬಹುದು. ಮೆಡಿಕಲ್ ಶಾಪಿನಲ್ಲಿ "ಮುಖಕ್ಕೆ ಒಂದು ಟ್ಯೂಬ್ ಕೊಡಿ" ಅಂತ ಕೇಳುವುದನ್ನೂ ಬಿಡಿ. ಅವುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಮುಖದ ಚರ್ಮ ತೆಳು, ತಿಂಗಳುಗಟ್ಟಲೆ ಹಚ್ಚಿ ಹಾಳಾದ ಮುಖಗಳನ್ನು ದಿನಾ ನೋಡುತ್ತೇನೆ.

ಮಾಡಬೇಕಾದ್ದು ಸುಲಭ. ಹುಳ ಹೊಸಕಿದ್ದು ಗೊತ್ತಾದ ತಕ್ಷಣ ಆ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ದಿಂಬಿನ ಕವರ್, ಟವೆಲ್ ಒಗೆಯಲು ಹಾಕಿ. ಆ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಡಿ, ದಿನಕ್ಕೆ ನಾಲ್ಕೈದು ಸಲ. ಉರಿ ಜಾಸ್ತಿ ಇದ್ದರೆ ಡಾಕ್ಟರು ಕೆಲವು ದಿನಕ್ಕೆ ಮೃದುವಾದ ಮುಲಾಮು ಕೊಡುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಅಲ್ಲ, ಮಗುವನ್ನು ದೂರ ಮಲಗಿಸಬೇಡಿ. ಗಾಯ ಆರಿದ ಮೇಲೆ ಉಳಿಯುವ ಕಪ್ಪು ಗುರುತು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಇರುತ್ತದೆ. ಬಿಸಿಲು ತಾಗದಂತೆ ನೋಡಿಕೊಂಡರೆ ತಾನಾಗಿಯೇ ಮಾಸುತ್ತದೆ. ಕಣ್ಣು ಕೆಂಪಾಗಿ ಊದಿದ್ದರೆ ಶುದ್ಧ ನೀರಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟುತ್ತಿದ್ದರೆ ಅದು ಬೇರೆಯೇ ವಿಷಯ, ಅಲರ್ಜಿ ಇರಬಹುದು. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಇದನ್ನು ಸರ್ಪಸುತ್ತು ಅಂದುಕೊಳ್ಳುವವರೂ ಇದ್ದಾರೆ. ಸರ್ಪಸುತ್ತು ಮುಖದ ಒಂದೇ ಬದಿಗೆ ಬರುತ್ತದೆ. ಸಾಮಾನ್ಯವಾಗಿ ಗುಳ್ಳೆಗೆ ಒಂದೆರಡು ದಿನ ಮೊದಲೇ ಆ ಜಾಗ ಸೆಳೆಯುತ್ತದೆ, ನೋಯುತ್ತದೆ. ಹಿಂದೆ ಬಂದ ಚಿಕನ್‌ಪಾಕ್ಸ್ ವೈರಸ್ಸೇ ನರದೊಳಗೆ ಅಡಗಿದ್ದು ಮತ್ತೆ ಏಳುವುದರಿಂದ ಬರುವ ರೋಗ ಅದು. ಹಣೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೇ ಅಪಾಯ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಕೆಮ್ಮಣ್ಣು ಹಚ್ಚಿಸಿಕೊಂಡು ಆ ಮೂರು ದಿನ ಕಳೆಯಬೇಡಿ.

ಹುಳದ ಮಾತು ಬಂದ ಮೇಲೆ ಇನ್ನೊಂದು ವಿಷಯ ಹೇಳದೆ ಇರಲಾರೆ. ಇದನ್ನು ಓದಿದವರು ಮನೆ ಸುತ್ತ ಔಷಧಿ ಹೊಡೆಸಲು ಹೊರಡಬಹುದು. ಬೇಡ. ಈ ಹುಳ ಭತ್ತದ ಗದ್ದೆಯಲ್ಲಿ ಬೆಳೆ ತಿನ್ನುವುದಿಲ್ಲ. ಪೈರಿನ ರಸ ಹೀರುವ ಜಿಗಿಹುಳುಗಳನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ಬೇಕಾದ್ದು ಒದ್ದೆ ಮಣ್ಣು, ಅದಕ್ಕೇ ಮಳೆಗಾಲದಲ್ಲಿ ಇಷ್ಟೊಂದು ಕಾಣುವುದು. ಮನೆಗೆ ಅದನ್ನು ಕರೆಯುವುದು ನಮ್ಮ ಬಿಳಿ ದೀಪ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿ, ಮಂಚವನ್ನು ದೀಪದ ಕೆಳಗಿನಿಂದ ಸರಿಸಿ, ಮಲಗುವ ಮುಂಚೆ ಹಾಸಿಗೆ ಕೊಡವಿ. ಮೈಮೇಲೆ ಕೂತರೆ ಊದಿ ಹಾರಿಸಿ, ಇಲ್ಲವೇ ಕಾಗದಕ್ಕೆ ಹತ್ತಿಸಿಕೊಂಡು ಹೊರಗೆ ಬಿಡಿ. ನಾಟಿ ಮುಗಿದ ಮೇಲೆ ಗದ್ದೆ ಬದುವಿನಲ್ಲಿ ಕೂತು ಪೈರಿನ ಬುಡ ನೋಡಿ. ಬಾಲ ಮೇಲೆತ್ತಿಕೊಂಡು ಸರಸರ ಓಡುತ್ತಿರುತ್ತದೆ. ಮುಟ್ಟದೆ ನೋಡಿ.