ಥ್ರಸ್ಟರ್ ಎಲ್ಲಿಡಬೇಕು? ಒಂದೇ ಪ್ರಶ್ನೆಗೆ ಇಷ್ಟೊಂದು ಉತ್ತರ ಬಂದದ್ದು ಹೇಗೆ

ಬ್ಲಾಕ್ ಜೋಡಿಸಿ ಬಾಹ್ಯಾಕಾಶ ನೌಕೆ ಕಟ್ಟುವ ಆಟಕ್ಕೆ ಹೊಸದಾಗಿ ಬಂದವರನ್ನು ಮೊದಲು ಕಾಡುವುದು ಥ್ರಸ್ಟರ್, ಅಂದರೆ ನೌಕೆಯನ್ನು ನೂಕುವ ಎಂಜಿನ್. ಒಬ್ಬರು ಎರಡೂ ಕಡೆ ತೂಗಿಸಿಕೊಂಡು ಇಡಿ ಅನ್ನುತ್ತಾರೆ. ಇನ್ನೊಬ್ಬರು ಎಲ್ಲಿಟ್ಟರೂ ಒಂದೇ ಅನ್ನುತ್ತಾರೆ. ಮತ್ತೊಬ್ಬರು ದೊಡ್ಡದನ್ನೇ ಹಾಕಿ, ಚಿಕ್ಕದು ದಂಡ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಆಟದ, ಬೇರೆ ಬೇರೆ ಕಾಲದ ನಿಯಮ ಹೇಳುತ್ತಿದ್ದಾರೆ, ಅಷ್ಟೇ.

ಮೊದಲ ಮಾತು ನಿಜವಾದ ನೌಕೆಗಳಿಂದ ಬಂದದ್ದು. ನೂಕುವ ಬಲ ತೂಕದ ಕೇಂದ್ರದ ಮೂಲಕ ಹಾಯದಿದ್ದರೆ ನೌಕೆ ಗಿರಗಿರ ತಿರುಗುತ್ತದೆ. ಅಪೊಲೊ ಚಂದ್ರನೌಕೆಯಲ್ಲಿ 16 ಚಿಕ್ಕ ಥ್ರಸ್ಟರ್‌ಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಸುತ್ತಲೂ ಇಟ್ಟದ್ದು ಅದಕ್ಕೇ. 1962ರ 'ಸ್ಪೇಸ್‌ವಾರ್' ಕಾಲದಿಂದ ಪರದೆ ಮೇಲೆ ನೌಕೆ ಹಾರಿಸುತ್ತಲೇ ಬಂದಿದ್ದೇವೆ. ಆದರೆ ಈ ತೂಕದ ಕೇಂದ್ರದ ಪಾಠವನ್ನು ಬಹಳ ಆಟಗಾರರಿಗೆ ಕಲಿಸಿದ್ದು 2011ರಲ್ಲಿ ಬಂದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ'. ಅಲ್ಲಿ ಎಂಜಿನ್ ಒಂದು ಪಕ್ಕಕ್ಕೆ ಸರಿದರೆ ರಾಕೆಟ್ ಮಗುಚಿಕೊಳ್ಳುತ್ತದೆ.

2013ರ ಅಕ್ಟೋಬರಿನಲ್ಲಿ ಬ್ಲಾಕ್ ಜೋಡಿಸಿ ನೌಕೆ ಕಟ್ಟುವ 'ಸ್ಪೇಸ್ ಎಂಜಿನಿಯರ್ಸ್' ಆಟ ಬಂತು. ಗೊಂದಲ ದಟ್ಟವಾದದ್ದು ಇಲ್ಲಿಂದ. ಈ ಆಟದಲ್ಲಿ ಥ್ರಸ್ಟರ್ ಮೂಲೆಯಲ್ಲಿದ್ದರೂ ಅದರ ಬಲ ನೌಕೆಯ ತೂಕದ ಕೇಂದ್ರಕ್ಕೇ ಹೋಗುತ್ತದೆ. ತಿರುಗಿಸುವ ಕೆಲಸ ಗೈರೋಸ್ಕೋಪ್ ಎಂಬ ಬೇರೆ ಬ್ಲಾಕಿನದು. ಹಾಗಾಗಿ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಅಂತ ಲೆಕ್ಕ ಹಾಕುವುದು ನೋಟಕ್ಕೆ ಚೆಂದ, ಓಟಕ್ಕೆ ಬೇಕಿಲ್ಲ. ರೋಟರ್ (ತಿರುಗುವ ಕೀಲು) ಅಥವಾ ಪಿಸ್ಟನ್ (ಚಾಚಿಕೊಳ್ಳುವ ತೋಳು) ಆಚೆ ಕೂತ ಥ್ರಸ್ಟರ್ ಮಾತ್ರ ಇದಕ್ಕೆ ಹೊರತು. ಅದು ತಾನು ಕೂತ ತುಂಡನ್ನು ನೂಕುವುದರಿಂದ ಇಡೀ ನೌಕೆ ವಾಲಬಹುದು.

ಹಾಗಾದರೆ ಜಾಗ ಮುಖ್ಯವೇ ಅಲ್ವಾ? ಮುಖ್ಯವೇ, ಆದರೆ ಬೇರೆ ಕಾರಣಕ್ಕೆ. ಥ್ರಸ್ಟರಿನ ಬೆಂಕಿ ಎದುರಿನ ಬ್ಲಾಕನ್ನು ಸುಡುತ್ತದೆ. ಬೆಂಕಿಗೆ ಬೇಕಾದಷ್ಟು ಖಾಲಿ ಜಾಗ ಬಿಟ್ಟರೆ ಥ್ರಸ್ಟರನ್ನು ನೌಕೆಯ ಹೊಟ್ಟೆಯೊಳಗೇ ಇಡಬಹುದು, ಬಲವೇನೂ ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ಆಟದ ಅತ್ಯಂತ ಉಪಯುಕ್ತ ಗುಟ್ಟು ಇದೇ.

ಇನ್ನು ದೊಡ್ಡದೋ ಚಿಕ್ಕದೋ ಎಂಬ ಜಗಳ. ದೊಡ್ಡ ನೌಕೆಯ ದೊಡ್ಡ ಅಯಾನ್ ಥ್ರಸ್ಟರ್ (ವಿದ್ಯುತ್ತಿನಿಂದ ನಡೆಯುವಂಥದ್ದು) 24 ಬ್ಲಾಕಿನಷ್ಟು ಜಾಗ ತಿಂದು 4320 ಕಿಲೋನ್ಯೂಟನ್ ಬಲ ಕೊಡುತ್ತದೆ. ಚಿಕ್ಕದು ಎರಡೇ ಬ್ಲಾಕಿನಲ್ಲಿ 345.6 ಕೊಡುತ್ತದೆ. ಬ್ಲಾಕೊಂದಕ್ಕೆ ಲೆಕ್ಕ ಹಾಕಿದರೆ 180 ಮತ್ತು 172.8, ಹೆಚ್ಚುಕಡಿಮೆ ಸಮ. ಆದರೆ ಹಿಂಬದಿ ಗೋಡೆಯ ಚೌಕಗಳನ್ನು ಎಣಿಸಿದರೆ ದೊಡ್ಡದಕ್ಕೆ ಚೌಕಕ್ಕೆ 720 ಸಿಗುತ್ತದೆ, ಚಿಕ್ಕದಕ್ಕೆ ಅದರ ಅರ್ಧಕ್ಕೂ ಕಡಿಮೆ. ದೊಡ್ಡದು ಗೆದ್ದಿತು ಅಂದುಕೊಂಡರೆ ಹೈಡ್ರೋಜನ್ ಇಂಧನದ ಥ್ರಸ್ಟರ್ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಅದರಲ್ಲಿ ಚಿಕ್ಕದು ಒಂದೇ ಬ್ಲಾಕಿನಲ್ಲಿ 1080 ಕೊಡುತ್ತದೆ. ದೊಡ್ಡದು 27 ಬ್ಲಾಕ್ ಹಿಡಿದು 7200, ಅಂದರೆ ಬ್ಲಾಕಿಗೆ 267ರಷ್ಟೇ. ತೂಕಕ್ಕೆ ಹೋಲಿಸಿದರೆ ಮತ್ತೆ ದೊಡ್ಡದೇ ಮುಂದೆ. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ನೌಕೆಯಲ್ಲಿ ಯಾವುದಕ್ಕೆ ಬರ ಇದೆ, ಜಾಗಕ್ಕೋ ತೂಕಕ್ಕೋ ಗೋಡೆಗೋ, ಅದನ್ನು ಹೇಳಬೇಕು. ಅದನ್ನು ಬಿಟ್ಟು ಕೊಟ್ಟ ಸಲಹೆಗಳೇ ಜಾಸ್ತಿ ಹರಡಿವೆ.

2015ರಲ್ಲಿ ಈ ಆಟಕ್ಕೆ ಗ್ರಹಗಳು ಬಂದ ಮೇಲೆ ಹಳೆಯ ಸಲಹೆ ಇನ್ನಷ್ಟು ಹಳಸಿತು. ಗಾಳಿ ಇರುವಲ್ಲಿ ಅಯಾನ್ ಬಲ ಕುಗ್ಗುತ್ತದೆ. ಗಾಳಿಯನ್ನೇ ನಂಬಿದ ಥ್ರಸ್ಟರ್ ಮೇಲೇರಿದಂತೆ ಸೋಲುತ್ತದೆ. ನಂತರದ ಅಪ್‌ಡೇಟ್‌ಗಳಲ್ಲಿ ಅಂಕಿಗಳೂ ಬದಲಾದವು, ಆದರೆ ಹಳೆಯ ಅಂಕಿಯ ಮೇಲೆ ಬರೆದ ಪಾಠಗಳು ಹಾಗೇ ಉಳಿದವು.

ಇಂಥದ್ದೇ ಇನ್ನೊಂದು ಆಟ 'ಸ್ಟಾರ್‌ಮೇಡ್' ಆಡಿದವರದು ಇನ್ನೊಂದು ದಾರಿ. ಅಲ್ಲಿ ಒಂದು ಕಾಲದಲ್ಲಿ ವಿದ್ಯುತ್ ಕೊಡುವ ರಿಯಾಕ್ಟರ್ ಬ್ಲಾಕ್‌ಗಳನ್ನು ಉದ್ದ ಸಾಲಾಗಿ ಎಳೆದಷ್ಟೂ ವಿದ್ಯುತ್ ಜಾಸ್ತಿ. ಸಾಲು ಹಾಕುವ ಆ ಅಭ್ಯಾಸವನ್ನು 'ಸ್ಪೇಸ್ ಎಂಜಿನಿಯರ್ಸ್'ಗೆ ತಂದರೆ ಲಾಭವಿಲ್ಲ.

ಈ ಎಲ್ಲ ಲೆಕ್ಕಗಳಲ್ಲೂ ಮುಂದಕ್ಕೆ ಹೋಗುವುದೇ ಮಾತು. ನಿಲ್ಲುವ ಮಾತು ಎಲ್ಲಿದೆ? 1000 ಟನ್ ನೌಕೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿದೆ ಅನ್ನಿ. ಮೂತಿಯ ಕಡೆ ಹಿಂದಕ್ಕೆ ನೂಕುವ ಒಂದು ದೊಡ್ಡ ಅಯಾನ್ ಥ್ರಸ್ಟರ್ ಇದ್ದರೆ ಸುಮಾರು 1150 ಮೀಟರಿನಲ್ಲಿ ನಿಲ್ಲುತ್ತದೆ. ಒಂದು ಚಿಕ್ಕದು ಮಾತ್ರ ಇದ್ದರೆ 14 ಕಿಲೋಮೀಟರ್ ದಾಟುತ್ತದೆ. ಅದೂ ನೌಕೆ ಖಾಲಿ ಇದ್ದಾಗ. ಅದಿರು ತುಂಬಿ ತೂಕ ಎರಡರಷ್ಟಾದರೆ ಆ 1150 ಮೀಟರ್ 2300 ಆಗುತ್ತದೆ.