ಟ್ರ್ಯಾಕ್‌ಗೆಂದು ಕಟ್ಟುವ ಝೆನ್‌ಗೆ ಯಾವ ಎಂಜಿನ್?

ಪ್ರಶ್ನೆ: ಹಳೇ ಮಾರುತಿ ಝೆನ್ ಒಂದು ಸಿಕ್ಕಿದೆ. ರೇಸ್ ಟ್ರ್ಯಾಕ್‌ಗೆಂದೇ ರೆಡಿ ಮಾಡಿಸುವ ಆಸೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯ 1.2 ಟಿಎಸ್‌ಐ ಟರ್ಬೊ ಎಂಜಿನ್ ಕೂರಿಸಿದರೆ ಹೇಗೆ? ಇನ್ನೂ ಹೆಚ್ಚು ಬಿಎಚ್‌ಪಿ (ಎಂಜಿನ್ ಶಕ್ತಿ) ಇರುವುದು ಯಾವುದಾದರೂ ಇದೆಯಾ?

ಕಾರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮಾರುತಿ ಎಸ್ಟೀಮ್‌ನ 16 ವಾಲ್ವಿನ 1.3 ಲೀಟರ್ ಎಂಪಿಎಫ್‌ಐ (ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳಿರುವ) ಎಂಜಿನ್ ಹಾಕಿಸಿ. ಝೆನ್‌ನ 993 ಸಿಸಿ ಎಂಜಿನ್ನೂ ಅದೂ ಸುಜುಕಿಯ ಜಿ ಸರಣಿಯವೇ, ಅಂದರೆ ಒಂದೇ ಕುಟುಂಬದವು. ಈ ಎಂಜಿನ್ ಬದಲಾವಣೆ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ನಮ್ಮ ದೇಶದ ಫಾರ್ಮುಲಾ ಎಲ್‌ಜಿಬಿ ರೇಸ್ ಸರಣಿಯ ಕಾರುಗಳೂ ಮಾರುತಿಯ 1.3 ಎಂಜಿನ್ ಮೇಲೆಯೇ ಓಡಿವೆ.

ಇಷ್ಟು ಹೇಳಿದ ಕೂಡಲೇ ‘ಬರೀ 85 ಬಿಎಚ್‌ಪಿನಾ?’ ಅಂತ ಬೇಸರ. ಬಿಎಚ್‌ಪಿ ಏರಿದಷ್ಟೂ ಲ್ಯಾಪ್ ಟೈಮ್ (ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿಯುವ ಸಮಯ) ಇಳಿಯುತ್ತದೆ ಎಂಬ ಈ ನಂಬಿಕೆಯನ್ನು ಒಮ್ಮೆ ಬುಡಸಮೇತ ಕೀಳಲೇಬೇಕು.

ಮೊದಲು ಲೆಕ್ಕ. ಪೋಲೊ ಜಿಟಿ ಟಿಎಸ್‌ಐಗೆ ಸುಮಾರು 105 ಬಿಎಚ್‌ಪಿ, ತೂಕ ಸುಮಾರು 1,100 ಕೆಜಿ. ಅಂದರೆ ಟನ್ನಿಗೆ 95 ಬಿಎಚ್‌ಪಿ ಆಸುಪಾಸು. 1.3 ಕೂರಿಸಿದ ಝೆನ್ 800 ಕೆಜಿ ತೂಗಿದರೆ ಟನ್ನಿಗೆ 106! ಸೀಟು, ಕಾರ್ಪೆಟ್, ಏಸಿ ಕಿತ್ತರೆ ಇನ್ನೂ ಮೇಲೆ. ‘ಹಾಗಾದರೆ ಆ ಟರ್ಬೊವನ್ನೇ ಹಗುರವಾದ ಝೆನ್‌ಗೆ ಹಾಕೋಣ’ ಅನ್ನುತ್ತೀರಿ, ಗೊತ್ತು. ಆ 1.2 ಎಂಜಿನ್ ಇಲ್ಲಿ ಬಂದದ್ದೇ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ. ಎಂಜಿನ್ ಒಂದನ್ನೇ ತಂದರೆ ಆಗದು; ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಬೇಕು. ಟರ್ಬೊ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಆ ಪುಟ್ಟ ಬಾನೆಟ್ಟಿನಡಿ ಜಾಗ ಹುಡುಕಬೇಕು.

ಅದನ್ನೂ ಮಾಡಿದಿರಿ ಅಂತಿಟ್ಟುಕೊಳ್ಳಿ. ಕೊಯಮತ್ತೂರಿನ ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ., ತಿರುವು ಮೇಲೆ ತಿರುವು. ಮುಂದಿನ ಚಕ್ರಕ್ಕೇ ಶಕ್ತಿ ಹೋಗುವ ಕಾರಿನಲ್ಲಿ ತಿರುವಿನಿಂದ ಹೊರಬರುವಾಗ ಒಳಬದಿಯ ಚಕ್ರದ ಮೇಲಿನ ಭಾರ ಕಡಿಮೆಯಾಗಿರುತ್ತದೆ. ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲದಿದ್ದರೆ ನೀವು ದುಡ್ಡು ಕೊಟ್ಟು ತಂದ ಬಿಎಚ್‌ಪಿ ಆ ಚಕ್ರವನ್ನು ಸುಮ್ಮನೆ ತಿರುಗಿಸಿ ಟೈರ್ ಸವೆಸುತ್ತದೆ. ಮೂತಿಯ ತೂಕ ಹೆಚ್ಚಿದಷ್ಟೂ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ನೋಡುತ್ತದೆ. ಇನ್ನು ಮದ್ರಾಸ್ ಟ್ರ್ಯಾಕಿನಂಥ ಉದ್ದನೆಯ ನೇರ ದಾರಿಯಲ್ಲಿ 140ರ ಬದಲು 160ರಲ್ಲಿ ಬಂದಿರೆಂದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ. 30ರಷ್ಟು ಏರುತ್ತದೆ. ಝೆನ್‌ನ ಆ ಸಣ್ಣ ಡಿಸ್ಕ್‌ಗಳಿಗೆ ಅದು ಎಷ್ಟು ಲ್ಯಾಪ್ ಸಾಧ್ಯ?

ಬಿಸಿಲನ್ನೂ ಮರೆಯಬೇಡಿ. ರಸ್ತೆಗೆಂದು ಮಾಡಿದ ಟರ್ಬೊ ಎಂಜಿನ್‌ನ ಒಳಹೋಗುವ ಗಾಳಿ ಕೆಲವೇ ಲ್ಯಾಪ್‌ಗಳಲ್ಲಿ ಬಿಸಿಯಾಗುತ್ತದೆ, ಇಸಿಯು ಎಂಜಿನ್ ಉಳಿಸಲು ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸುತ್ತದೆ, ಅಂದರೆ ಕಿಡಿ ಹಾರಿಸುವುದನ್ನು ತಡ ಮಾಡುತ್ತದೆ. ಕಾಗದದ ಮೇಲಿನ ಬಿಎಚ್‌ಪಿ ಆಗ ಇರುವುದಿಲ್ಲ.

ಆದ್ದರಿಂದ 1.3 ಹಾಕಿಸಿ, ಉಳಿದ ದುಡ್ಡನ್ನು ಸಂಪ್‌ನೊಳಗೆ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಬ್ಯಾಫಲ್ ಪ್ಲೇಟ್, ಅಂದರೆ ಆಯಿಲ್ ತುಳುಕದಂತೆ ತಡೆಯುವ ತಗಡು, ವೆಲ್ಡ್ ಮಾಡಿಸಲು ಬಳಸಿ. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು, ಆಯಿಲ್ ಹೀರುವ ಪಿಕಪ್ ಕೊಳವೆ ಗಾಳಿ ಎಳೆದರೆ, ಬೇರಿಂಗ್ ಹೋಗಲು ಸೆಕೆಂಡುಗಳು ಸಾಕು. ಆಮೇಲೆ ಒಳ್ಳೆಯ ರೇಡಿಯೇಟರ್, ಬ್ರೇಕ್ ಪ್ಯಾಡು, ಹೊಸ ಡಾಟ್ 4 ಬ್ರೇಕ್ ಆಯಿಲ್, ಟೈರು. ದುಡ್ಡು ಮಿಕ್ಕರೆ ಇನ್ನೊಂದು 1.3 ಎಂಜಿನ್ ತಂದು ಶೆಡ್‌ನಲ್ಲಿಡಿ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಈ ಕಾರನ್ನು ಬೆಂಗಳೂರಿನಿಂದ ಕೊಯಮತ್ತೂರಿಗೆ ಓಡಿಸಿಕೊಂಡು ಹೋಗುವ ಯೋಚನೆ ಬಿಡಿ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ದಾರಿಯಲ್ಲಿ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೂ ಇದನ್ನೇ. ಕಾರು ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯ ಬಾಡಿಗೆಯನ್ನು ಎಂಜಿನ್ ಖರೀದಿಗೂ ಮೊದಲೇ ಬಜೆಟ್‌ನಲ್ಲಿ ಬರೆದುಕೊಳ್ಳಿ.